ನೀಲಕ್ಕ ಹಿಡಿದ ವೀಳ್ಯ

ಹುಣಸೂರಿನ ನಮ್ಮ ಬೀದಿಯಲ್ಲಿ ನಿಂತು ನೀಲಾಂಬಿಕೆ ಎಂದು ಕೇಳಿದರೆ ಜನ ಸ್ವಲ್ಪ ಯೋಚನೆ ಮಾಡುತ್ತಾರೆ. ಟಾರ್ಚಿನ ನೀಲಕ್ಕ ಎಂದು ಕೇಳಿ ನೋಡಿ, ಬಾಯಿಗೆ ಬಂದಷ್ಟು ಹೊಗಳುತ್ತಾರೆ. ಮಹಾತಾಯಿ ಕಣ್ರೀ, ದೇವತೆ ಕಣ್ರೀ, ಅಂಥವರು ಈಗ ಎಲ್ಲಿ ಸಿಗುತ್ತಾರೆ ಎನ್ನುತ್ತಾರೆ. ಈ ಹೊಗಳಿಕೆ ಕೇಳಿದಾಗಲೆಲ್ಲ ನನಗೆ ಮೈಯೆಲ್ಲ ಉರಿಯುತ್ತದೆ. ಒಬ್ಬ ಹೆಂಗಸನ್ನು ದೇವತೆ ಎಂದುಬಿಟ್ಟರೆ ಊರಿಗೆ ಬಹಳ ಅನುಕೂಲ. ದೇವತೆಗೆ ಕಾಲು ನೋಯುವುದಿಲ್ಲ, ರಜ ಬೇಕಾಗುವುದಿಲ್ಲ, ಮದುವೆ ವಯಸ್ಸು ಮೀರುವುದಿಲ್ಲ.

ನಾನು ಕಂಡ ನೀಲಕ್ಕ ಒಳ್ಳೆ ಸಿಡುಕಿ. ಸಂಜೆ ಹೊತ್ತು ನಮಗೆ ಪಾಠ ಹೇಳುವಾಗ ಲೆಕ್ಕ ತಪ್ಪಿದರೆ ಬಳಪ ಎಸೆಯುತ್ತಿದ್ದಳು. ನಕ್ಕರೆ ಮಾತ್ರ ಪಾಠದ ಶೆಡ್ಡಿನ ತಗಡು ಅದುರುವ ಹಾಗೆ ನಗುತ್ತಿದ್ದಳು. ಕಡಲೆಕಾಯಿ ಎಂದರೆ ಪ್ರಾಣ. ಐದು ವರ್ಷ ಅವಳು ನಮ್ಮ ಬೀದಿಗೆ ಸಿಕ್ಕಿಹಾಕಿಕೊಂಡಿದ್ದಳು. ಸಿಕ್ಕಿಹಾಕಿಸಿದವನು ನನ್ನ ಅಪ್ಪ. ಆದ್ದರಿಂದ ಈ ಕತೆ ಹೇಳುವ ಹಕ್ಕು ಬೇರೆಯವರಿಗಿಂತ ನನಗೆ ಒಂದು ಕೈ ಹೆಚ್ಚು ಎಂದುಕೊಂಡಿದ್ದೇನೆ.

ಅಪ್ಪನ ಹೆಸರು ಕಂಠಪ್ಪ. ದಾರದ ಅಂಗಡಿ. ಹೊಗೆಸೊಪ್ಪನ್ನು ಬ್ಯಾರನ್ನಿನಲ್ಲಿ, ಅಂದರೆ ಬೆಂಕಿ ಹಾಕಿ ಸೊಪ್ಪು ಹದ ಮಾಡುವ ಮನೆಯಲ್ಲಿ, ಬೇಯಿಸುವ ಮೊದಲು ಎಲೆಗಳನ್ನು ಕಡ್ಡಿಗೆ ಕಟ್ಟುತ್ತಾರಲ್ಲ, ಆ ದಾರ. ಹುಣಸೂರು, ಪಿರಿಯಾಪಟ್ಟಣದ ಅರ್ಧ ಬ್ಯಾರನ್ನುಗಳಿಗೆ ನಮ್ಮ ಅಂಗಡಿಯದೇ ದಾರ ಹೋಗುತ್ತಿತ್ತು. ಹಣೆಗೆ ಮೂರು ಬೆರಳು ವಿಭೂತಿ, ಬಾಯಿಗೆ ಮಿತವಾದ ಮಾತು. ಬೀದಿಯಲ್ಲಿ ಯಾವ ಮನೆಯ ಜಗಳವಾದರೂ ನಮ್ಮ ಜಗಲಿಗೆ ಬರುತ್ತಿತ್ತು. ಇಂಥ ಮನುಷ್ಯ ಮಗಳಿಗೆ ಆಶಾರಾಣಿ ಎಂದು ಹೆಸರಿಟ್ಟ. ರಾಣಿಗೆ ಶಾಲೆಯಿಂದ ನೇರ ಮನೆಗೆ, ಮನೆಯಿಂದ ನೇರ ಶಾಲೆಗೆ ಹೋಗುವಷ್ಟು ಸಾಮ್ರಾಜ್ಯವಿತ್ತು.

ಸಂಜೆಮನೆ ಶುರುವಾದದ್ದು ತೊಂಬತ್ತೈದರಲ್ಲಿ, ನಾನು ಆರನೇ ಕ್ಲಾಸಿನಲ್ಲಿದ್ದಾಗ. ಮೈಸೂರಿನ ಕೆಲವು ನಿವೃತ್ತ ಮೇಷ್ಟ್ರುಗಳು ಸೇರಿ ಒಂದು ಟ್ರಸ್ಟ್ ಮಾಡಿಕೊಂಡಿದ್ದರು. ಮರದ ಡಿಪೋ ಹಿಂದೆ ಹೊಗೆಸೊಪ್ಪು ವಿಂಗಡಿಸುತ್ತಿದ್ದ ಹಳೇ ಶೆಡ್ಡೊಂದನ್ನು ಬಾಡಿಗೆಗೆ ಹಿಡಿದು, ಏಳನೇ ಕ್ಲಾಸಿನಿಂದ ಪಿಯುಸಿಯವರೆಗಿನ ಮಕ್ಕಳು ಶಾಲೆ ಬಿಟ್ಟ ಮೇಲೆ ಬಂದು ಕೂರುವ ಜಾಗ ಮಾಡಿದರು. ಐದರಿಂದ ಏಳೂವರೆಯವರೆಗೆ ಲೆಕ್ಕ, ಇಂಗ್ಲಿಷು, ಕೇರಂ ಬೋರ್ಡು, ಒಂದು ಕಪಾಟು ಪುಸ್ತಕ, ವರ್ಷಕ್ಕೊಂದು ನಾಟಕ. ಟ್ಯೂಬ್‌ಲೈಟು ಇತ್ತು. ಬಹಳ ಮನೆಗಳಲ್ಲಿ ಓದುವುದಕ್ಕೆ ಅಷ್ಟು ಬೆಳಕೂ ಇರಲಿಲ್ಲ, ಅಷ್ಟು ಸದ್ದಿಲ್ಲದ ಮೂಲೆಯೂ ಇರಲಿಲ್ಲ. ಶೆಡ್ಡಿನ ಗೋಡೆಗೆ ಅಂಟಿದ್ದ ಹೊಗೆಸೊಪ್ಪಿನ ವಾಸನೆ ನಮ್ಮ ಪುಸ್ತಕಗಳಿಗೂ ಹತ್ತಿತು. ಇವತ್ತಿಗೂ ಆ ವಾಸನೆ ಬಂದರೆ ನನಗೆ ಬೀಜಗಣಿತ ನೆನಪಾಗುತ್ತದೆ.

ಗಂಡುಹುಡುಗರು ದಂಡು ದಂಡಾಗಿ ಬಂದರು. ಹೆಣ್ಣುಮಕ್ಕಳು ಒಬ್ಬರೂ ಬರಲಿಲ್ಲ. ಕತ್ತಲಾದ ಮೇಲೆ ಡಿಪೋ ಗೋಡೆಯ ಪಕ್ಕದಲ್ಲಿ ವಯಸ್ಸಿಗೆ ಬಂದ ಹುಡುಗಿ ನಡೆದು ಬರುವುದುಂಟೇ ಎಂದು ಎಲ್ಲ ಮನೆಯಲ್ಲೂ ಒಂದೇ ಮಾತು. ಒಂದು ವರ್ಷ ಹೀಗೇ ಹೋಯಿತು. ಆಗ ಟ್ರಸ್ಟಿನವರು ನೀಲಕ್ಕನನ್ನು ಕೆಲಸಕ್ಕೆ ತೆಗೆದುಕೊಂಡರು. ಅವಳಿಗಾಗ ಇಪ್ಪತ್ತನಾಲ್ಕು. ಬಿ.ಎ., ಬಿ.ಎಡ್. ಮುಗಿಸಿದ್ದಳು. ಅಣ್ಣ ಕಾಂತರಾಜನ ಸೈಕಲ್ ಶಾಪು, ತಾಯಿ ಪುಟ್ಟಮಲ್ಲಮ್ಮನ ಬಾಯಿ, ಇವೆರಡರ ಮಧ್ಯೆ ಮನೆ ನಡೆಯುತ್ತಿತ್ತು. ಸರ್ಕಾರಿ ಮೇಷ್ಟ್ರ ಕೆಲಸ ಸಿಗುವವರೆಗೆ ಒಂದು ವರ್ಷ ಇಲ್ಲಿರೋಣ ಎಂದು ಬಂದವಳು ಅವಳು.

ಹೆಣ್ಣುಮಕ್ಕಳನ್ನು ಕರೆಯಲು ಅವಳು ಮೊದಲು ಬಂದದ್ದು ನಮ್ಮ ಮನೆಗೆ. ಕಂಠಪ್ಪ ಒಪ್ಪಿದರೆ ಬೀದಿ ಒಪ್ಪುತ್ತದೆ ಎಂದು ಯಾರೋ ಹೇಳಿಕೊಟ್ಟಿದ್ದರು. ನಾನು ನಡುಮನೆಯ ಬಾಗಿಲ ಹಿಂದೆ ನಿಂತು ಕೇಳುತ್ತಿದ್ದೆ. ಅಪ್ಪ ಎಲ್ಲ ಕೇಳಿಸಿಕೊಂಡು ಅಮ್ಮನಿಗೆ ಎಲೆ ಅಡಿಕೆ ತರಲು ಹೇಳಿದ.

"ಕಳಿಸ್ತೀನಿ ಕಣವ್ವ. ಆದ್ರೆ ನೀನೇ ಬಂದು ಕರ್ಕಂಡೋಗ್ಬೇಕು, ನೀನೇ ತಂದು ಈ ಬಾಗ್ಲಲ್ಲಿ ಒಪ್ಪಿಸ್ಬೇಕು. ಇನ್ನೊಬ್ರ ಕೈಲಿ ಕಳಿಸಂಗಿಲ್ಲ. ಆಗೋದಾದ್ರೆ ವೀಳ್ಯ ತಕೊ."

ಅಪ್ಪನಿಗೆ ಕಾಗದ ಪತ್ರದಲ್ಲಿ ನಂಬಿಕೆಯಿರಲಿಲ್ಲ. ಅಂಗಡಿಯ ಪಾಲುದಾರಿಕೆಯಿಂದ ಹಿಡಿದು ಮನೆ ಕಟ್ಟುವ ಮೇಸ್ತ್ರಿಯವರೆಗೆ ಅವನ ವ್ಯವಹಾರವೆಲ್ಲ ವೀಳ್ಯದ ಮೇಲೆ. ಎರಡು ಎಲೆ, ಒಂದು ಅಡಿಕೆ ಹಿಡಿದರೆ ಮಾತು ಮುಗಿಯಿತು. ಬೇಡವಾದರೆ ಹೊಸ ಎಲೆ ತಂದು ಕೊಟ್ಟವನ ಮುಂದಿಡಬೇಕು. ಅವನು ಎತ್ತಿಕೊಂಡರೆ ಬಿಡುಗಡೆ. ಅವನು ಮುಟ್ಟದಿದ್ದರೆ ಮಾತು ಹಿಡಿದವರ ತಲೆಯ ಮೇಲೇ ಉಳಿಯಿತು. ಒಮ್ಮೆ ಪಾಲುದಾರನೊಬ್ಬ ಹಿಂದೆ ಸರಿಯಲು ಬಂದಾಗ ಅಪ್ಪ ಎಲೆ ಮುಟ್ಟದೆ ಕೂತಿದ್ದ. ಕೊನೆಗೆ ಆ ಮನುಷ್ಯನ ತಮ್ಮ ಮುಂದೆ ಬಂದು ಎಲೆ ಎತ್ತಿಕೊಂಡು ಅಣ್ಣನ ಪಾಲು ಹೊತ್ತ. ಇದನ್ನು ನಾನು ಚಿಕ್ಕವಳಿದ್ದಾಗ ಕಣ್ಣಾರೆ ನೋಡಿದ್ದೆ.

ನೀಲಕ್ಕ ಖುಷಿಯಲ್ಲಿ ಎರಡೂ ಕೈ ಚಾಚಿ ವೀಳ್ಯ ತೆಗೆದುಕೊಂಡಳು. ಅಪ್ಪನ ಕಾಲಿಗೂ ಬಿದ್ದಳು. ಒಂದು ಮನೆ ಗೆದ್ದೆ ಎಂದುಕೊಂಡಿದ್ದಳು ಪಾಪ. ಮರುದಿನದಿಂದ ಬೀದಿಯ ಬೇರೆ ಮನೆಗಳೂ ಒಪ್ಪಿದವು. ಆದರೆ ಕಂಠಪ್ಪನ ಮನೆಯಲ್ಲಿ ವೀಳ್ಯ ಹಿಡಿದ ಮೇಲೆ ನಮ್ಮ ಮನೆಯಲ್ಲೂ ಹಿಡಿಯಬೇಕು ಎಂದರು. ಡಿಪೋದಲ್ಲಿ ದಿಮ್ಮಿ ಎತ್ತುತ್ತಿದ್ದ ನಂಜಯ್ಯ ಹಿಡಿಸಿದ. ಹೊಳೆ ಪಕ್ಕದ ಕೊನೇ ಮನೆಯ ರಾಮಮ್ಮ ಹಿಡಿಸಿದಳು. ಹತ್ತು ಹನ್ನೆರಡು ಮನೆಯ ವೀಳ್ಯ ಸೀರೆ ಸೆರಗಿನಲ್ಲಿ ಕಟ್ಟಿಕೊಂಡು ಮನೆಗೆ ಹೋದಾಗ ಪುಟ್ಟಮಲ್ಲಮ್ಮ ತಲೆ ಚಚ್ಚಿಕೊಂಡಳಂತೆ. ಮದುವೆಯ ವೀಳ್ಯ ಒಂದು ಬಿಟ್ಟು ಊರವರದ್ದೆಲ್ಲ ಹಿಡಿದು ಬಂದಿದ್ದೀಯಲ್ಲೇ ಎಂದು ಬೈದಳಂತೆ.

ಅವತ್ತಿನಿಂದ ನಮ್ಮ ಮೆರವಣಿಗೆ ಶುರುವಾಯಿತು. ಏಳೂವರೆಗೆ ನೀಲಕ್ಕ ಮುಂದೆ, ಕೈಯಲ್ಲಿ ಮೂರು ಸೆಲ್ಲಿನ ಉದ್ದನೆ ಟಾರ್ಚು, ಹಿಂದೆ ಸಾಲಾಗಿ ನಾವು. ಶೆಡ್ಡಿಗೆ ಹತ್ತಿರವಿದ್ದದ್ದು ನಮ್ಮ ಮನೆ, ಹಾಗಾಗಿ ಮೊದಲು ನನ್ನನ್ನು ಒಪ್ಪಿಸುತ್ತಿದ್ದಳು. ಅಮ್ಮನೋ ಅಪ್ಪನೋ ಹೊಸ್ತಿಲಿಗೆ ಬರಬೇಕು. ಅವಳು ನನ್ನ ಮುಖಕ್ಕೆ ಟಾರ್ಚು ಬಿಟ್ಟು, "ನೋಡ್ಕೊಳ್ಳಿ, ಇವಳೇ ತಾನೆ?" ಎಂದು ಕೇಳುತ್ತಿದ್ದಳು. ಅದು ಅವಳ ಕುಚೋದ್ಯ. ಅಪ್ಪ ಕುಚೋದ್ಯ ಅರ್ಥವಾಗದೆ ನಿಜವಾಗಿಯೂ ನೋಡಿ, "ಊಂ, ಬಂದ್ಲು" ಎನ್ನುತ್ತಿದ್ದ. ಆಮೇಲೆ ಉಳಿದವರನ್ನು ಕರೆದುಕೊಂಡು ಹೊಳೆಯ ಕಡೆಗೆ ಹೋಗುತ್ತಿದ್ದಳು. ನಮ್ಮ ಬಾಗಿಲಿನಾಚೆ ಆ ನಡಿಗೆ ಹೇಗೆ ಮುಂದುವರಿಯುತ್ತದೆ ಎಂದು ನಾನು ಯಾವತ್ತೂ ನೋಡಲಿಲ್ಲ. ಟಾರ್ಚಿನ ಬೆಳಕು ತಿರುವಿನಲ್ಲಿ ಮರೆಯಾಗುವವರೆಗೆ ಕಿಟಕಿಯಲ್ಲಿ ನಿಂತಿರುತ್ತಿದ್ದೆ.

ಕೊನೆಯ ಹುಡುಗಿಯನ್ನು ರಾಮಮ್ಮನ ಮನೆಯಲ್ಲಿ ಒಪ್ಪಿಸಿದ ಮೇಲೆ ನೀಲಕ್ಕ ಒಬ್ಬಳೇ ಡಿಪೋ ಗೋಡೆಯ ಪಕ್ಕದಲ್ಲೇ ತನ್ನ ಮನೆಗೆ ಹೋಗಬೇಕಾಗಿತ್ತು. ಅವಳನ್ನು ಯಾರು ಒಪ್ಪಿಸುತ್ತಾರೆ ಎಂದು ನಮ್ಮ ಬೀದಿಯ ಒಬ್ಬರಿಗೂ ಅನ್ನಿಸಲಿಲ್ಲ. ಹೆಣ್ಣುಮಕ್ಕಳ ವಿಷಯದಲ್ಲಿ ಅಷ್ಟು ಎಚ್ಚರದ ನನ್ನ ಅಪ್ಪನಿಗೂ ಅನ್ನಿಸಲಿಲ್ಲ. ಅವಳು ಮನೆ ಸೇರುವುದು ತಡವಾಗುತ್ತದೆ ಎಂದು ಪುಟ್ಟಮಲ್ಲಮ್ಮ ಮಾತ್ರ ಅಂಗಡಿಗೆ ಬಂದಾಗಲೆಲ್ಲ ಗೊಣಗುತ್ತಿದ್ದಳು. ರಾಮಮ್ಮನ ಮನೆಯಿಂದ ತಮ್ಮ ಮನೆಗೆ ಎಷ್ಟು ದೂರ, ಇವಳಿಗೆ ಅಷ್ಟೊತ್ತು ಯಾಕೆ ಬೇಕು ಎಂದು ಅವಳ ತಕರಾರು. ಕೇಳಿದರೆ ನೀಲಕ್ಕ ಕಾಲು ನೋವು, ನಿಧಾನವಾಗಿ ಬಂದೆ ಅನ್ನುತ್ತಿದ್ದಳಂತೆ.

ಮೊದಲ ವರ್ಷ ಎಲ್ಲವೂ ಹಬ್ಬದ ಹಾಗಿತ್ತು. ಆಮೇಲೆ ನೀಲಕ್ಕನಿಗೆ ತಾನು ಏನು ಹಿಡಿದಿದ್ದೇನೆ ಎಂಬುದು ಗೊತ್ತಾಗತೊಡಗಿತು. ಒಂದು ಸಲ ಚಳಿಜ್ವರ ಬಂದು ಮಲಗಿದಳು. ಟ್ರಸ್ಟಿನಲ್ಲಿ ನಟರಾಜು ಎಂಬ ಇನ್ನೊಬ್ಬ ಮೇಷ್ಟ್ರಿದ್ದ, ಬಹಳ ಸಾಧು. ಅವತ್ತು ಅವನು ನಮ್ಮನ್ನು ಮನೆಗೆ ಬಿಟ್ಟ. ಮರುದಿನದಿಂದ ಮೂರು ಮನೆಯವರು ಹುಡುಗಿಯರನ್ನು ಕಳಿಸಲಿಲ್ಲ. ಮಾತು ಕೊಟ್ಟದ್ದು ನೀಲಾಂಬಿಕೆ, ಕರೆತಂದದ್ದು ಗಂಡಸು ಎಂದರು. ಜ್ವರ ಬಿಡುವ ಮೊದಲೇ ಅವಳು ಎದ್ದು ಬಂದು ಆ ಮೂರು ಮನೆಯ ಬಾಗಿಲಲ್ಲಿ ನಿಂತು ತಪ್ಪಾಯಿತು ಎನ್ನಬೇಕಾಯಿತು. ಅಣ್ಣ ಕಾಂತರಾಜನ ಮದುವೆ ಪಿರಿಯಾಪಟ್ಟಣದಲ್ಲಿ ನಡೆಯಿತು. ಮನೆಯವರೆಲ್ಲ ಬೀಗರ ಊಟಕ್ಕೆ ಉಳಿದರೆ ಇವಳು ರೇಷ್ಮೆ ಸೀರೆಯಲ್ಲೇ ಬಸ್ಸು ಹತ್ತಿ ಬಂದು ನಮ್ಮನ್ನು ಮನೆಮನೆಗೆ ಒಪ್ಪಿಸಿದಳು. ದಾರಿಯುದ್ದಕ್ಕೂ ನಾವು ಹಿಂದಿನಿಂದ ಸೀರೆ ಚೆನ್ನಾಗಿದೆ ಎಂದು ಪಿಸುಗುಟ್ಟಿಕೊಂಡೆವು.

ತೊಂಬತ್ತೆಂಟರಲ್ಲಿ ಸಾಲಿಗ್ರಾಮದಿಂದ ಗಂಡು ಬಂತು. ಗೊಬ್ಬರದ ಅಂಗಡಿ ಇಟ್ಟುಕೊಂಡಿದ್ದವನು. ಓದಿದ ಹೆಣ್ಣೇ ಬೇಕು, ಕೆಲಸಕ್ಕೆ ಹೋದರೂ ಅಡ್ಡಿಯಿಲ್ಲ, ಅಲ್ಲೇ ಶಾಲೆಗಳಿವೆ ಎಂದನಂತೆ. ನೀಲಕ್ಕನಿಗೆ ಅವನು ಇಷ್ಟವಾಗಿದ್ದ. ಇದನ್ನು ಊಹೆ ಮಾಡಿ ಹೇಳುತ್ತಿಲ್ಲ. ಆ ವಾರವೆಲ್ಲ ಅವಳು ಬಳಪ ಎಸೆಯಲಿಲ್ಲ, ತಪ್ಪು ಲೆಕ್ಕಕ್ಕೂ ನಗುತ್ತಿದ್ದಳು. ವೀಳ್ಯಶಾಸ್ತ್ರಕ್ಕೆ ದಿನ ನೋಡುವ ಮೊದಲು ಅಪ್ಪನನ್ನು ಕೇಳಲು ಬಂದಳು. ಅಪ್ಪ ಗದರಲಿಲ್ಲ, ಏರುದನಿಯಲ್ಲೂ ಮಾತಾಡಲಿಲ್ಲ. ಅಮ್ಮನಿಗೆ ಹೇಳಿ ಕಾಫಿ ಕೊಡಿಸಿದ.

"ಒಂದು ವೀಳ್ಯ ಕೈಲಿರೋವಾಗ ಇನ್ನೊಂದು ವೀಳ್ಯ ತಕೊಳ್ಳೋದು ಎಂಗವ್ವ? ಮಕ್ಳು ಪರೀಕ್ಷೆ ಮುಗೀಲಿ. ನೀನೇ ಯೋಚ್ನೆ ಮಾಡು."

ಒಂದು ತಂಡದ ಪರೀಕ್ಷೆ ಮುಗಿದರೆ ಇನ್ನೊಂದು ತಂಡ ಕಾಯುತ್ತಿರುತ್ತದೆ, ಅದು ಎಂದಿಗೂ ಮುಗಿಯುವ ವಿಷಯವಲ್ಲ. ಸಾಲಿಗ್ರಾಮದವರು ಯುಗಾದಿಯವರೆಗೆ ಕಾದು ಬೇರೆ ಕಡೆ ಹೆಣ್ಣು ತಂದುಕೊಂಡರು. ಸುದ್ದಿ ಬಂದ ಸಂಜೆ ನೀಲಕ್ಕ ನಮ್ಮಿಂದ ಕೈ ಬೀಳುವವರೆಗೆ ಲೆಕ್ಕ ಮಾಡಿಸಿದಳು. ನಂಜಯ್ಯನ ಮಗಳು ರಾಧಾ ಅಳಲು ಶುರು ಮಾಡಿದಾಗ ನೀಲಕ್ಕ ಪುಸ್ತಕ ಮುಚ್ಚಿ ನನ್ನ ಕಡೆ ತಿರುಗಿದಳು. "ನಿಮ್ಮಪ್ಪನ ಅಂಗಡಿ ದಾರ ಬಲೇ ಗಟ್ಟಿ ಕಣೇ ಆಶಾ. ಸೊಪ್ಪು ಕಟ್ಟೋಕೆ ಅಂತ ತಿಳ್ಕೊಂಡಿದ್ದೆ."

ಅವಳು ನಮ್ಮನ್ನು ಬಿಟ್ಟು ಹೋಗಬಹುದಾಗಿತ್ತಲ್ಲ, ವೀಳ್ಯ ಎಂದರೆ ಪೊಲೀಸ್ ಸಂಕೋಲೆಯೇ ಎಂದು ಈಗಿನವರು ಕೇಳುತ್ತಾರೆ. ಅವಳಿಗೆ ಎಲೆ ಅಡಿಕೆಯ ಭಯವಿರಲಿಲ್ಲ. ಅವಳು ನಿಂತ ಮರುದಿನವೇ ಹನ್ನೆರಡು ಹುಡುಗಿಯರ ಪುಸ್ತಕ ಅಟ್ಟ ಸೇರುತ್ತದೆ ಎಂಬುದು ಅವಳಿಗೆ ಗೊತ್ತಿತ್ತು. ನಮ್ಮ ಮನೆಗಳಿಗೂ ಗೊತ್ತಿತ್ತು. ಇವಳಿಗೆ ಗೊತ್ತಿದೆ ಎಂಬುದೂ ಅವರಿಗೆ ಗೊತ್ತಿತ್ತು. ಟ್ರಸ್ಟಿನ ಐದನೇ ವರ್ಷದ ಸಮಾರಂಭದಲ್ಲಿ ಅವಳಿಗೆ ಶಾಲು ಹೊದಿಸಿದರು. ನೀಲಾಂಬಿಕೆ ಇಲ್ಲದಿದ್ದರೆ ನಮ್ಮ ಬೀದಿಯ ಹೆಣ್ಣುಮಕ್ಕಳು ಎಸ್ಸೆಸ್ಸೆಲ್ಸಿ ಮುಖ ನೋಡುತ್ತಿರಲಿಲ್ಲ ಎಂದು ಅಪ್ಪ ಮೈಕಿನಲ್ಲಿ ಹೇಳಿದ. ಅದು ಸುಳ್ಳಾಗಿದ್ದರೆ ಅವಳು ಯಾವಾಗಲೋ ಹೊರಟುಹೋಗುತ್ತಿದ್ದಳು. ವೇದಿಕೆಯ ಮೇಲೆ ಆ ಶಾಲಿನೊಳಗೆ ಅವಳು ಮುದುಡಿ ಕೂತಿದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದೆ.

ಎರಡು ಸಾವಿರದ ಒಂದರ ಆಗಸ್ಟಿನಲ್ಲಿ ಅವಳಿಗೆ ಸರ್ಕಾರಿ ಕೆಲಸದ ಆದೇಶ ಬಂತು. ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ, ಅಂತರಸಂತೆಯಿಂದ ಇನ್ನೂ ಒಳಗೆ, ಕಾಡಿನ ಅಂಚಿನ ಒಂದು ಹಳ್ಳಿಯ ಶಾಲೆ. ದಿನಾ ಹೋಗಿ ಬರುವ ಮಾತೇ ಇಲ್ಲ, ಅಲ್ಲೇ ಇರಬೇಕು. ಅವಳಿಗೆ ಇಪ್ಪತ್ತೊಂಬತ್ತಾಗಿತ್ತು. ಇದು ತಪ್ಪಿದರೆ ವಯಸ್ಸಿನ ಮಿತಿ ದಾಟಿ ಇನ್ನೊಂದು ಸಲ ಕರೆ ಬರುವುದಿಲ್ಲ. ಸೇರಲು ಎರಡು ವಾರ ಕೊಟ್ಟಿದ್ದರು.

ಆಗ ನಾನು ಎರಡನೇ ಪಿಯುಸಿ. ನನ್ನ ಕೊರಳಿಗೂ ಒಂದು ಹಗ್ಗ ತಯಾರಾಗಿತ್ತು. ಪಿರಿಯಾಪಟ್ಟಣದ ಕಡೆ ಹಾರನಹಳ್ಳಿಯ ಒಬ್ಬರು ಸಂಬಂಧಿಕರು, ಎರಡು ಬ್ಯಾರನ್ನು, ಹೊಲ, ಒಬ್ಬನೇ ಮಗ. ಗಂಡು ಬಂದು ನೋಡಿಕೊಂಡು ಹೋಗಿದ್ದ. ನಾನು ಓದುತ್ತೇನೆ ಎಂದದ್ದಕ್ಕೆ ಅಪ್ಪ ಒಂದೇ ಮಾತು ಹೇಳಿದ್ದ. ನೀಲ ಎಷ್ಟು ದಿನ ಕರೆದುಕೊಂಡು ಹೋಗಿ ಬರುತ್ತಾಳೋ ಅಷ್ಟು ದಿನ ಓದು, ಅವಳು ನಿಂತ ದಿನ ನೀನೂ ನಿಲ್ಲಿಸು. ಹಾಗಾಗಿ ಆದೇಶ ಬಂದ ಸುದ್ದಿ ಕೇಳಿ ನನಗೆ ಅವಳು ಹೋಗಲಿ ಎಂದೂ ಅನ್ನಿಸಿತು, ಹೋಗುವುದು ಬೇಡ ಎಂದೂ ಅನ್ನಿಸಿತು. ಎರಡೂ ಒಟ್ಟಿಗೆ ಅನ್ನಿಸುವುದು ಬಹಳ ಕೆಟ್ಟದ್ದು.

ನೀಲಕ್ಕ ಸಂತೆಯಿಂದ ಹೊಸ ಎಲೆ ತಂದಳು. ಪುಟ್ಟಮಲ್ಲಮ್ಮ ಹುಣಸೆಹಣ್ಣು ಹಾಕಿ ಹಿತ್ತಾಳೆ ತಟ್ಟೆ ಬೆಳಗಿ ಕೊಟ್ಟಳು. ಒಂದು ಭಾನುವಾರ ಮಧ್ಯಾಹ್ನ ಅವಳು ವೀಳ್ಯ ಹಿಂದಿರುಗಿಸಲು ಮನೆಮನೆಗೆ ಹೊರಟಳು. ಈ ಸಲ ಹೊಳೆಯ ಕಡೆಯಿಂದ ಶುರು ಮಾಡಿದಳು. ರಾಮಮ್ಮ ಒಬ್ಬಟ್ಟು ತಟ್ಟಿ ಕೊಟ್ಟಳು. ಇನ್ನೊಂದು ಮನೆಯಲ್ಲಿ ಮಜ್ಜಿಗೆ ಕೊಟ್ಟರು, ಮತ್ತೊಂದರಲ್ಲಿ ಕುಂಕುಮ ಇಟ್ಟು ಹೂ ಮುಡಿಸಿದರು. ನಂಜಯ್ಯ ಕಣ್ಣೀರೇ ಹಾಕಿದ. ಎಲೆಯನ್ನು ಮಾತ್ರ ಒಬ್ಬರೂ ಮುಟ್ಟಲಿಲ್ಲ. ಕಂಠಪ್ಪನೋರು ತಕೊಂಡರೆ ನಾವೂ ತಕೊಳ್ಳುತ್ತೇವೆ ಎಂದು ಎಲ್ಲರೂ ಕೈ ಮುಗಿದರು. ಹೊಟ್ಟೆ ತುಂಬಿಸಿಕೊಂಡು, ತಲೆ ತುಂಬ ಹೂವು ಹೊತ್ತುಕೊಂಡು, ಎಲೆ ಹಾಗೇ ಇದ್ದ ತಟ್ಟೆ ಹಿಡಿದು ದೀಪ ಹಚ್ಚುವ ಹೊತ್ತಿಗೆ ನಮ್ಮ ಮನೆಗೆ ಬಂದಳು. ಏನಾಗುತ್ತದೆ ನೋಡೋಣ ಎಂದು ರಾಮಮ್ಮನೂ ಇನ್ನೂ ನಾಲ್ಕೈದು ತಾಯಂದಿರೂ ಹಿಂದೆಯೇ ಬಂದಿದ್ದರು.

ಅಪ್ಪ ಜಗಲಿಯಲ್ಲಿ ಕೂತು ದಾರದ ಉಂಡೆ ಸುತ್ತುತ್ತಿದ್ದ. ಅದು ಸೊಪ್ಪು ಬೇಯಿಸುವ ಕಾಲ, ಅಂಗಡಿಗೆ ಭಾನುವಾರವೂ ಇರಲಿಲ್ಲ. ಅವಳು ತಟ್ಟೆಯನ್ನು ಅವನ ಮುಂದಿಟ್ಟಳು. ಕೆಲಸ ಸಿಕ್ಕಿದೆ, ಹೋಗಬೇಕು, ಐದು ವರ್ಷವಾಯಿತು, ದಯವಿಟ್ಟು ಎತ್ತಿಕೊಳ್ಳಿ ಎಂದಳು. ದಯವಿಟ್ಟು ಎನ್ನುವಾಗ ದನಿ ಸಣ್ಣಗಾಯಿತು. ಆ ದನಿಯನ್ನು ನಾನು ಅವಳಲ್ಲಿ ಕೇಳಿರಲಿಲ್ಲ. ನನಗೆ ಅಪ್ಪನ ಮೇಲೆ ತಡೆಯಲಾರದ ಸಿಟ್ಟು ಬಂತು.

ಅಪ್ಪ ಉಂಡೆ ಸುತ್ತುವುದನ್ನು ನಿಲ್ಲಿಸಲಿಲ್ಲ.

"ನಿನ್ ಅನ್ನ ನಾನ್ಯಾಕವ್ವ ಕಿತ್ಕೊಳ್ಳಲಿ? ಕೆಲ್ಸಕ್ಕೆ ಸೇರ್ಕೊ. ಹೆಣ್ಮಕ್ಳು ಮನೇಲಿರ್ತವೆ, ಅಷ್ಟೇ. ಬಲವಂತ ಏನೂ ಇಲ್ಲ."

ಎಲೆ ತಟ್ಟೆಯಲ್ಲೇ ಇತ್ತು. ನೀಲಕ್ಕ ಅದನ್ನು ನೋಡಿದಳು, ನಡುಮನೆಯ ಬಾಗಿಲಲ್ಲಿ ನಿಂತಿದ್ದ ನನ್ನನ್ನು ನೋಡಿದಳು. ಆಮೇಲೆ ನಿಧಾನವಾಗಿ ಬಗ್ಗಿ ತಟ್ಟೆಯ ಕಡೆ ಕೈ ಚಾಚಿದಳು. ತಿರುಗಿ ತೆಗೆದುಕೊಂಡು ಹೋಗುವವಳಿದ್ದಳು. ಅವಳು ಸೋತಿದ್ದಳು. ಅವಳು ಇಲ್ಲೇ ಉಳಿದರೆ ಹಾರನಹಳ್ಳಿಯ ಮದುವೆ ನನ್ನಿಂದ ದೂರವಾಗಲಿತ್ತು, ಕಾಡಿನಂಚಿನ ಶಾಲೆ ಅವಳಿಂದ ದೂರವಾಗಲಿತ್ತು.

ನಾನು ಹೊಸ್ತಿಲು ದಾಟಿ ಬಂದು ಅವಳ ಕೈಗಿಂತ ಮೊದಲು ಎಲೆ ಎತ್ತಿಕೊಂಡೆ. "ನಾನು ತಕೊಂಡಿದ್ದೀನಿ. ನಾಳೆಯಿಂದ ಎಲ್ಲಾರ್ನೂ ನಾನೇ ಕರ್ಕಂಡೋಗಿ ನಾನೇ ಒಪ್ಪಿಸ್ತೀನಿ."

ಇದನ್ನು ತ್ಯಾಗ ಗೀಗ ಎಂದು ಯಾರೂ ತಿಳಿಯಬೇಡಿ. ಹಾಗೆ ಎತ್ತಿಕೊಳ್ಳುತ್ತೇನೆ ಎಂದು ನಾನೂ ತಿಳಿದಿರಲಿಲ್ಲ. ಹಿಂದೆ ಆ ತಮ್ಮ ಅಣ್ಣನ ಎಲೆ ಎತ್ತಿಕೊಂಡದ್ದು ತಲೆಯಲ್ಲಿ ಎಲ್ಲೋ ಉಳಿದಿತ್ತು, ಕೈ ತಾನಾಗಿ ಹೋಯಿತು. ಅಪ್ಪ ಉಂಡೆ ಕೆಳಗಿಟ್ಟ. ಎಲೆಯನ್ನು ತಟ್ಟೆಗೆ ಹಾಕು ಎಂದ. ನಾನು ಹಾಕಲಿಲ್ಲ. ಅಷ್ಟರಲ್ಲಿ ರಾಮಮ್ಮ ಮುಂದೆ ಬಂದಳು. ಅವಳಲ್ಲಿ ಕೊಂಕಿರಲಿಲ್ಲ, ನಿಜವಾಗಿಯೂ ಹಾಗೇ ಅನ್ನಿಸಿ ಹೇಳಿದಳು.

"ತಕೊಂಡ್ಮೇಲೆ ಇಡೋದುಂಟಾ ಕಂಠಪ್ಪಣ್ಣ? ನೀವೇ ಅಂತಿದ್ರಲ್ಲ. ನಿಮ್ಮ ಮಗ್ಳು ತಂದು ಒಪ್ಪಿಸ್ತಾಳೆ ಅಂದ್ರೆ ನಮಗ್ಯಾವ ಭಯ ಬುಡಿ."

ಉಳಿದ ತಾಯಂದಿರೂ ತಲೆ ಆಡಿಸಿದರು. ಕಂಠಪ್ಪನ ಮಗಳ ಕೈಯನ್ನು ನಂಬುವುದಿಲ್ಲ ಎಂದು ಕಂಠಪ್ಪನೇ ಬೀದಿಯ ಮುಂದೆ ಹೇಳುವುದು ಹೇಗೆ? ಅಪ್ಪ ಎಷ್ಟೋ ಹೊತ್ತು ನನ್ನ ಕೈಯಲ್ಲಿದ್ದ ಎಲೆಯನ್ನೇ ನೋಡಿದ. ನಾನು ಅವನನ್ನು ಅಷ್ಟು ಇಕ್ಕಟ್ಟಿನಲ್ಲಿ ಕಂಡಿರಲಿಲ್ಲ. ಖುಷಿಯಾಗಬೇಕಿತ್ತು, ಆಗಲಿಲ್ಲ. ಹಾರನಹಳ್ಳಿಯವರು ದಸರೆ ಕಳೆದು ವೀಳ್ಯಶಾಸ್ತ್ರಕ್ಕೆ ದಿನ ಕೇಳಿದಾಗ ಅವನು ಹೇಳಿದ್ದೂ ಅದೇ ಹಳೇ ಮಾತು. ಹುಡುಗಿ ಕೈಯಲ್ಲಿ ಒಂದು ವೀಳ್ಯ ಇದೆ, ಇನ್ನೊಂದು ಹಿಡಿಯುವ ಹಾಗಿಲ್ಲ. ಅವರು ಇವನಿಗೆ ಬುದ್ಧಿ ಕೆಟ್ಟಿದೆ ಎಂದುಕೊಂಡು ಹೋದರು.

ಆ ಸಂಜೆ ನೀಲಕ್ಕ ತಟ್ಟೆ ತೆಗೆದುಕೊಂಡು ಹೊರಟಳು. ನಾನು ಹಿಂದೆ ಓಡಿದೆ. ಡಿಪೋ ಗೋಡೆಯ ಹತ್ತಿರ ಅವಳು ನಿಂತಳು, ತಿರುಗಿ ನನ್ನ ಕೆನ್ನೆಗೆ ಒಂದು ಬಾರಿಸಿದಳು. ಬಳಪ ಎಸೆಯುತ್ತಿದ್ದವಳು ಕೈ ಎತ್ತಿದ್ದು ಅದೊಂದೇ ಸಲ.

"ನಂಗೆ ಬಾಗ್ಲು ತೆಗೆಯೋಕೆ ಓಗಿ ನೀನು ಒಳಗೆ ಸೇರ್ಕೊಂಡ್ಯಲ್ಲೇ. ಯಾಕೆ ತಕೊಂಡೆ?"

ಓದಬೇಕು ಎಂದೆ. ಹಾರನಹಳ್ಳಿಗೆ ಹೋಗುವುದಿಲ್ಲ ಎಂದೆ. ಅವಳು ಗೋಡೆಗೆ ಒರಗಿ ಅಳತೊಡಗಿದಳು. ಹೂವೆಲ್ಲ ಕಿತ್ತು ತಟ್ಟೆಗೆ ಹಾಕಿದಳು. ಬಹಳ ಹೊತ್ತಾದ ಮೇಲೆ ಚೀಲದಿಂದ ಟಾರ್ಚು ತೆಗೆದು ನನ್ನ ಕೈಗೆ ಕೊಟ್ಟಳು. ಒತ್ತುವ ಗುಂಡಿ ಸಡಿಲ ಇದೆ, ಹೆಬ್ಬೆರಳಲ್ಲಿ ಹಿಡಿದುಕೊಂಡೇ ಇರಬೇಕು ಎಂದಳು. ಮಳೆಯಲ್ಲಿ ಯಾರ ಮನೆಯ ಮುಂದೆ ಕೆಸರು, ಯಾವ ನಾಯಿ ಬರಿದೇ ಬೊಗಳುತ್ತದೆ, ಯಾವುದು ಕಚ್ಚುತ್ತದೆ ಎಂದು ಹೇಳಿಕೊಟ್ಟಳು. ಹೊರಡುವಾಗ ಇನ್ನೊಂದು ಮಾತು ಹೇಳಿದಳು. "ಎಲ್ಲಾರ್ನೂ ಒಪ್ಪಿಸಾದ್ಮೇಲೆ ಮನೆಗೆ ಓಡ್ಬೇಡ. ನಿಧಾನಕ್ಕೆ ಬಾ." ಕಾಲು ನೋವಿನ ಬುದ್ಧಿವಾದ ಇರಬೇಕು ಎಂದುಕೊಂಡೆ.

ಅವಳು ಕೋಟೆಗೆ ಹೋಗುವ ಬಸ್ಸು ಹತ್ತಿದ ಬೆಳಗ್ಗೆ ಬಸ್‌ಸ್ಟ್ಯಾಂಡಿಗೆ ಬೀದಿಯ ಗಂಡಸರು ಯಾರೂ ಬರಲಿಲ್ಲ. ಪುಟ್ಟಮಲ್ಲಮ್ಮ ಮಾತ್ರ ಮಗಳ ಜೊತೆಗೆ ಬಸ್ಸು ಹತ್ತಿ ಕಿಟಕಿಯಿಂದ ಊರಿಗೆಲ್ಲ ಬೈಯುತ್ತಾ ಹೋದಳು. ನೀಲಕ್ಕ ಆ ಶಾಲೆಯಲ್ಲಿ ಇವತ್ತಿಗೂ ಇದ್ದಾಳೆ. ಕೊನೆಯವರೆಗೂ ಮದುವೆಯಾಗಲಿಲ್ಲ ಎಂದು ಹೇಳಿದರೆ ಕೇಳುವವರಿಗೆ ರುಚಿ. ಆದರೆ ಅವಳು ಮೂವತ್ತೆರಡಕ್ಕೆ ಸರಗೂರಿನ ಒಬ್ಬ ಕಾಂಪೌಂಡರನ್ನು ಮದುವೆಯಾದಳು. ಸಾಲಿಗ್ರಾಮದವನಷ್ಟು ಚೆನ್ನಾಗಿಲ್ಲ ಎಂದು ತಾನೇ ಹೇಳಿ ನಗುತ್ತಾಳೆ. ನಾನು ಆ ಟಾರ್ಚು ಹಿಡಿದು ಏಳು ವರ್ಷ ನಡೆದೆ. ಪಿಯುಸಿ ಮುಗಿಸಿದೆ, ಮನೆಯಿಂದಲೇ ಬಿ.ಎ. ಕಟ್ಟಿದೆ, ಸಂಜೆಮನೆಯಲ್ಲೇ ಪಾಠ ಹೇಳಿದೆ. ಜ್ವರ ಬಂದರೂ ನಡೆದೆ, ಮಳೆಯಲ್ಲೂ ನಡೆದೆ. ಬೀದಿಯವರು ನನ್ನನ್ನೂ ದೇವತೆ ಎನ್ನಲು ಶುರು ಮಾಡಿದ ದಿನ ನನಗೆ ನೀಲಕ್ಕನ ಶಾಲು ನೆನಪಾಯಿತು.

ಅಷ್ಟೆಲ್ಲದರ ನಡುವೆ ನಾನು ಉಸಿರುಕಟ್ಟದೆ ಉಳಿದದ್ದು ಮೊದಲನೇ ಸಂಜೆ ಕಂಡುಕೊಂಡ ಒಂದು ವಿಷಯದಿಂದ. ಅವತ್ತು ಏಳೂವರೆಗೆ ಹುಡುಗಿಯರನ್ನು ಸಾಲಾಗಿ ನಿಲ್ಲಿಸಿ ಹೊರಟೆ. ನಮ್ಮ ಮನೆ ಬಂತು. ಅಪ್ಪ ಅಭ್ಯಾಸದಂತೆ ಹೊಸ್ತಿಲಿಗೆ ಬಂದು ನಿಂತಿದ್ದ. ನಾನು ನಿಲ್ಲಲಿಲ್ಲ. ಕತ್ತಲಾದ ಮೇಲೆ ನಮ್ಮ ಬಾಗಿಲು ದಾಟಿ ಹೊಳೆಯ ಕಡೆಗೆ ಹೋದದ್ದು ಹದಿನೆಂಟು ವರ್ಷದಲ್ಲಿ ಅದೇ ಮೊದಲು. ಒಂದೊಂದೇ ಮನೆಯಲ್ಲಿ ಒಬ್ಬೊಬ್ಬಳನ್ನೇ ಒಪ್ಪಿಸಿದೆ, ನೀಲಕ್ಕನ ಹಾಗೇ ಮುಖಕ್ಕೆ ಟಾರ್ಚು ಬಿಟ್ಟು ತೋರಿಸಿದೆ. ಕೊನೆಗೆ ರಾಮಮ್ಮ ಮಗಳನ್ನು ಒಳಗೆ ಕರೆದುಕೊಂಡು ಬಾಗಿಲು ಹಾಕಿಕೊಂಡಳು. ಬೀದಿಯಲ್ಲಿ ನಾನೊಬ್ಬಳೇ ಉಳಿದೆ. ಭಯವಾಯಿತು. ಬೇಗ ಬೇಗ ಹೆಜ್ಜೆ ಹಾಕಿದೆ.

ಡಿಪೋ ಗೋಡೆ ತಿರುಗುವಲ್ಲಿ ಒಂದು ಮೋರಿಕಟ್ಟೆ. ಅದರ ಪಕ್ಕ ಸೀಮೆಎಣ್ಣೆ ದೀಪ ಇಟ್ಟುಕೊಂಡು ಹುರಿದ ಕಡಲೆಕಾಯಿ ಮಾರುವ ನಿಂಗಯ್ಯ ಎಂಬ ಮುದುಕ. ನನ್ನ ಕೈಯಲ್ಲಿದ್ದ ಟಾರ್ಚು ನೋಡಿ ಗುರುತು ಹಿಡಿದ. ಟೀಚರಮ್ಮ ಹೋದರಾ ಎಂದು ಕೇಳಿದ. ಹೋದರು ಎಂದೆ.

"ದಿನಾ ಈ ಕಟ್ಟೆ ಮೇಲೆ ಕೂತ್ಕೊಳ್ಳೋರು ಕಣವ್ವ. ಏನೂ ಮಾತಿಲ್ಲ ಕತೆಯಿಲ್ಲ. ಕಾಲು ಇಳಿಬಿಟ್ಕೊಂಡು, ಟಾರ್ಚು ಆರಿಸಿ, ಸುಮ್ನೆ ಕಡ್ಲೇಕಾಯಿ ತಿನ್ನೋರು."

ನಾನೂ ಕಟ್ಟೆ ಹತ್ತಿ ಕೂತೆ. ಟಾರ್ಚು ಆರಿಸಿದೆ. ನಿಂಗಯ್ಯ ಪೊಟ್ಟಣ ಕಟ್ಟಿ ಕೊಟ್ಟ. ಮೋರಿಯ ಕೆಳಗೆ ನೀರು ಹರಿಯುತ್ತಿತ್ತು, ದೂರದಲ್ಲಿ ಯಾರದೋ ಬ್ಯಾರನ್ನಿನಿಂದ ಸೊಪ್ಪು ಬೇಯುವ ವಾಸನೆ ಬರುತ್ತಿತ್ತು. ರಾಮಮ್ಮ ನನ್ನ ಕೈಯಿಂದ ಮಗಳನ್ನು ಪಡೆದಾಗಿತ್ತು. ನಾನು ಎಲ್ಲಿದ್ದೇನೆ ಎಂದು ಜಗತ್ತಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ನನ್ನನ್ನು ಯಾರೂ ಯಾರಿಗೂ ಒಪ್ಪಿಸಬೇಕಾಗಿರಲಿಲ್ಲ. ನೀಲಕ್ಕ ಐದು ವರ್ಷ ಬದುಕಿದ್ದು ದಿನದ ಈ ಇಷ್ಟೇ ಹೊತ್ತಿನಲ್ಲಿ ಎಂದು ಗೊತ್ತಾಯಿತು. ಪೊಟ್ಟಣ ಪೂರ್ತಿ ಖಾಲಿಯಾಗುವವರೆಗೆ ನಾನು ಏಳಲಿಲ್ಲ.

ಮನೆಗೆ ಬಂದಾಗ ಅಪ್ಪ ಇನ್ನೂ ಹೊಸ್ತಿಲಲ್ಲೇ ನಿಂತಿದ್ದ. ನನ್ನ ಹಿಂದೆ ಕತ್ತಲಲ್ಲಿ ಹುಡುಕಿ ನೋಡಿದ.

"ಯಾರವ್ವ ತಂದ್ಬುಟ್ಟೋರು?"

"ಯಾರೂ ಇಲ್ಲ," ಎಂದೆ.

ಅಪ್ಪ ಬೀದಿಯನ್ನು ಇನ್ನೊಂದು ಸಲ ನೋಡಿದ. "ಊಂ, ಬಂದ್ಲು" ಎಂದು ಹೇಳಲು ಎದುರಿಗೆ ಯಾರೂ ಇರಲಿಲ್ಲ. ಬಾಗಿಲಿನಿಂದ ಸರಿದು ನನಗೆ ದಾರಿ ಬಿಟ್ಟ.